ಟೇಪಿನ ನಾದ ಬೇಕೆನ್ನುವವರು ಮೊದಲು ತಮ್ಮ ಹಾಡನ್ನು ಕೇಳಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಭಾವಗೀತೆ, ದೇವರನಾಮ, ಜನಪದ ಗೀತೆಗಳನ್ನು ಧ್ವನಿಮುದ್ರಿಸುತ್ತಿರುವ ಯುವಕ ಯುವತಿಯರ ಬಗ್ಗೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಬರಹವನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬೆಂಗಳೂರಿಗೆ ಹೋಗದೆ ಊರಿನಲ್ಲೇ ಹಾಡು ಸಿದ್ಧವಾಗುವ ಕಾಲ ಬಂದಿರುವುದು ದೊಡ್ಡ ಸಂಗತಿ. ಆದರೆ ಆ ಬರಹದ ಕೊನೆಯಲ್ಲಿ, ಹಳೆಯ ಕ್ಯಾಸೆಟ್ ಕಾಲದ ಇಂಪು ಬೇಕಾದವರು ಟೇಪಿನ ಧ್ವನಿಯನ್ನು ಅನುಕರಿಸುವ ಬೆಲೆಬಾಳುವ ತಂತ್ರಾಂಶವನ್ನು ಕೊಳ್ಳಲೇಬೇಕು ಎಂಬ ಅರ್ಥದ ಸಲಹೆಯಿತ್ತು. ಅದನ್ನು ಓದಿದ ಮೇಲೆ ಇಬ್ಬರು ಹುಡುಗರು ನನ್ನ ಬಳಿ ಬಂದು, ಯಾವುದನ್ನು ಕೊಳ್ಳಬೇಕೆಂದು ಕೇಳಿದರು. ಅವರಿಗೆ ಹೇಳಿದ್ದನ್ನು ತಮ್ಮ ಓದುಗರಿಗೂ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯ ಹಾಗಿರುವುದರಿಂದ ಕ್ಷಮೆಯಿರಲಿ.

ನಾನು ಹಾಸನದಲ್ಲಿ ಮೂರು ದಶಕಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತ ಬಂದವನು. ಆರಂಭದ ವರ್ಷಗಳಲ್ಲಿ ಕಾಲು ಇಂಚಿನ ರೀಲ್ ಟೇಪಿನ ಮೇಲೆ ಮುದ್ರಿಸಿ, ತಪ್ಪಿದ ಜಾಗವನ್ನು ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿಯಿಂದ ಕೂಡಿಸಿ, ಆಮೇಲೆ ಅದರಿಂದ ಕ್ಯಾಸೆಟ್ ಪ್ರತಿಗಳನ್ನು ತೆಗೆದುಕೊಡುತ್ತಿದ್ದೆ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಟೇಪನ್ನು ಕೈಯಾರೆ ಬಳಸಿದವರಿಗೆ ಅದರ ಮೇಲೆ ಮೋಹ ಇರುವುದು ಸಹಜ, ನನಗೂ ಇದೆ. ಆ ಮೋಹವೇ ನನ್ನನ್ನು ಒಮ್ಮೆ ತಪ್ಪು ದಾರಿಗೆ ಎಳೆದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಟೇಪ್ ಎಂದರೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಲೇಪಿಸಿದ ತೆಳುವಾದ ಪಟ್ಟಿ. ಜರ್ಮನಿಯಲ್ಲಿ ಫ್ರಿಟ್ಸ್ ಫ್ಲೋಯ್ಮರ್ ೧೯೨೮ರಲ್ಲಿ ಕಾಗದದ ಪಟ್ಟಿಗೆ ಇಂಥ ಪುಡಿಯನ್ನು ಅಂಟಿಸಿ ಧ್ವನಿಯನ್ನು ಹಿಡಿದ. ೧೯೩೫ರಲ್ಲಿ ಎಇಜಿ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಯಂತ್ರವನ್ನು ಜನರ ಮುಂದಿಟ್ಟಿತು. ಆಗಿನ ಧ್ವನಿ ಒರಟಾಗಿತ್ತು. ಕಾಂತಕ್ಷೇತ್ರ ಎಷ್ಟು ಹೆಚ್ಚಿತೋ ಅಷ್ಟೇ ಪ್ರಮಾಣದಲ್ಲಿ ಆ ಕಣಗಳು ಕಾಂತತೆಯನ್ನು ಪಡೆಯುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಸದ್ದು ಬಹಳ ಸಣ್ಣದಾಗಿದ್ದಾಗ ಅವು ಜಡವಾಗಿ ಮಲಗಿರುತ್ತವೆ, ಬಹಳ ದೊಡ್ಡದಾದಾಗ ಇನ್ನು ಸಾಕೆಂದು ನಿಂತುಬಿಡುತ್ತವೆ. ಕಿವಿಗೆ ಕೇಳಿಸದಷ್ಟು ಎತ್ತರದ ಆವರ್ತನದ ವಿದ್ಯುತ್ತನ್ನು ಧ್ವನಿಯ ಜೊತೆ ಬೆರೆಸಿ ಕಳುಹಿಸಿದರೆ ಮಲಗಿದ ಕಣಗಳು ಎಚ್ಚರಗೊಳ್ಳುತ್ತವೆ ಎಂಬುದನ್ನು ವಾಲ್ಟರ್ ವೆಬರ್ ಮತ್ತು ಬ್ರೌನ್‌ಮ್ಯೂಲ್ ೧೯೪೦ರಲ್ಲಿ ಕಂಡುಕೊಂಡರು. ಇದನ್ನೇ ಬಯಾಸ್ ಎನ್ನುತ್ತೇವೆ. ಇಂದಿನ ಟೇಪ್ ಪ್ಲಗಿನ್‌ಗಳಲ್ಲಿ ಆ ಹೆಸರಿನ ಗುಂಡಿ ಇರುವುದು ಇದೇ ಕಾರಣಕ್ಕೆ. ಪ್ಲಗಿನ್ ಎಂದರೆ ಧ್ವನಿಮುದ್ರಣದ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ.

ಸಣ್ಣ ಸದ್ದಿನ ತೊಂದರೆ ಬಯಾಸಿನಿಂದ ನೀಗಿತು; ದೊಡ್ಡ ಸದ್ದಿನದು ನೀಗಲಿಲ್ಲ. ಆ ನೀಗದ ತೊಂದರೆಯೇ ಇಂದು ಎಲ್ಲರೂ ಹುಡುಕುತ್ತಿರುವ ಇಂಪು. ಧ್ವನಿ ಜೋರಾದಂತೆ ಅದರ ಶಿಖರಗಳು ಕಡಿದಂತಾಗದೆ ಮೆಲ್ಲಗೆ ದುಂಡಾಗುತ್ತವೆ. ಹಾಗೆ ದುಂಡಾಗುವಾಗ ಮೂಲದಲ್ಲಿ ಇಲ್ಲದ, ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟು ಹೀಗೆ ಇರುವ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಮೂರನೆಯದು. ಷಡ್ಜಕ್ಕೆ ಮೂರನೆಯ ಹಾರ್ಮೋನಿಕ್ ಎಂದರೆ ಮೇಲಿನ ಸ್ಥಾಯಿಯ ಪಂಚಮ. ತಂಬೂರಿಯ ಒಂದೇ ತಂತಿಯಲ್ಲಿ ನಾವು ಕಿವಿಗೊಟ್ಟು ಹುಡುಕುವ ಪಂಚಮವೂ ಅದೇ ಆದ್ದರಿಂದ, ಈ ವಿಕಾರ ನಮ್ಮ ಕಿವಿಗೆ ವಿಕಾರವೆನಿಸುವುದಿಲ್ಲ. ಕಂಠಕ್ಕೆ ಸ್ವಲ್ಪ ಮೈ ಬಂದಂತೆ ಕೇಳಿಸುತ್ತದೆ. ಈ ಮೂರನೆಯ ಹಾರ್ಮೋನಿಕ್ ಶೇಕಡಾ ೩ರಷ್ಟಾಗುವ ಮಟ್ಟವನ್ನೇ ಟೇಪಿನ ಗರಿಷ್ಠ ಮಟ್ಟವೆಂದು ಎಂಜಿನಿಯರುಗಳು ಅಳೆಯುತ್ತಿದ್ದರು.

ಟೇಪು ಮಾಡುವ ಕೆಲಸ ಇದೊಂದೇ ಅಲ್ಲ. ತಗ್ಗಿನ ಸ್ವರಗಳಲ್ಲಿ ಒಂದು ಭಾಗ ಉಬ್ಬಿ ಬರುತ್ತದೆ. ಅಲ್ಲಿ ಟೇಪಿನ ಮೇಲಿನ ಅಲೆಯ ಉದ್ದವೂ ಹೆಡ್ಡಿನ (ಟೇಪಿಗೆ ತಾಗಿ ಧ್ವನಿಯನ್ನು ಬರೆಯುವ, ಓದುವ ಭಾಗ) ಗಾತ್ರವೂ ಹತ್ತಿರ ಹತ್ತಿರ ಬರುವುದು ಇದಕ್ಕೆ ಕಾರಣ, ಮತ್ತು ಟೇಪಿನ ವೇಗ ಎರಡು ಪಟ್ಟಾದರೆ ಈ ಉಬ್ಬು ಒಂದು ಸ್ಥಾಯಿ ಮೇಲಕ್ಕೆ ಸರಿಯುತ್ತದೆ. ಎತ್ತರದ ಸ್ವರಗಳು ಬೇರೆಯವುಗಳಿಗಿಂತ ಬೇಗ ದಣಿಯುತ್ತವೆ, ನಿಧಾನವಾಗಿ ಓಡುವ ಟೇಪಿನಲ್ಲಂತೂ ಇನ್ನೂ ಬೇಗ. ಸ್ಟುಡಿಯೊದ ರೀಲು ಸೆಕೆಂಡಿಗೆ ೧೫ ಇಂಚು, ಅಂದರೆ ೩೮ ಸೆಂಟಿಮೀಟರ್ ಓಡುವಾಗ ೧೦,೦೦೦ ಹರ್ಟ್ಸಿನ ಒಂದು ಅಲೆಗೆ ೩೮ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ) ಜಾಗ ಸಿಗುತ್ತದೆ. ಫಿಲಿಪ್ಸ್ ೧೯೬೩ರಲ್ಲಿ ತಂದ ಕ್ಯಾಸೆಟ್ಟು ಸೆಕೆಂಡಿಗೆ ೪.೭೬ ಸೆಂಟಿಮೀಟರ್ ಮಾತ್ರ ಓಡುವುದರಿಂದ ಅದೇ ಅಲೆಗೆ ೫ ಮೈಕ್ರಾನ್ ಕೂಡ ಸಿಗುವುದಿಲ್ಲ. ಹೀಗಿರುವಾಗ ರೀಲಿನ ನಾದವೂ ಕ್ಯಾಸೆಟ್ಟಿನ ನಾದವೂ ಒಂದೇ ಎಂದು ತಿಳಿದು ಪ್ಲಗಿನ್ ಹುಡುಕುವವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಇವುಗಳ ಜೊತೆಗೆ ಹಿಸ್ ಎಂದು ಕರೆಯುವ ನಿರಂತರ ಸುಯ್ಯೆನ್ನುವ ಸದ್ದು ಇದೆ, ಪಕ್ಕದ ಟ್ರ್ಯಾಕಿನ (ಒಂದೊಂದು ವಾದ್ಯವನ್ನೋ ಕಂಠವನ್ನೋ ಬೇರೆಯಾಗಿ ಹಿಡಿದಿಟ್ಟ ಸಾಲು) ಧ್ವನಿ ತೂರಿಬರುವುದಿದೆ, ವೇಗ ಏರಿಳಿದು ಶ್ರುತಿ ಅಲುಗಾಡುವುದಿದೆ. ನಿಧಾನವಾದ ಅಲುಗಾಟಕ್ಕೆ ವೌ ಎಂದೂ ವೇಗದ ನಡುಕಕ್ಕೆ ಫ್ಲಟರ್ ಎಂದೂ ಹೆಸರು.

ಇಷ್ಟನ್ನೂ ವಿವರಿಸಿದ್ದು ಪಾಂಡಿತ್ಯಕ್ಕಲ್ಲ. 'ಟೇಪಿನ ಧ್ವನಿ' ಎಂಬುದು ಒಂದು ವಸ್ತುವಲ್ಲ. ಐದಾರು ಬೇರೆ ಬೇರೆ ಗುಣದೋಷಗಳ ಗಂಟು. ನಮ್ಮ ಹಾಡಿಗೆ ಅವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳಲು ಬಾರದವರು ಎಷ್ಟು ಹಣ ಕೊಟ್ಟರೂ ಸರಿಯಾದ ತಂತ್ರಾಂಶವನ್ನು ಆರಿಸಲಾರರು, ಹೇಳಲು ಬಂದವರಿಗೆ ಉಚಿತವಾಗಿ ಸಿಗುವುದೂ ಸಾಕಾಗಬಹುದು.

ನನ್ನ ತಪ್ಪನ್ನು ಈಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅರಕಲಗೂಡು ಕಡೆಯ ಹಿರಿಯ ಗಾಯಕಿಯೊಬ್ಬರು ದೇವರನಾಮಗಳನ್ನು ಮುದ್ರಿಸಲು ಬಂದಿದ್ದರು. ಅರಕಲಗೂಡು ತಾಲ್ಲೂಕೆಂದರೆ ರುದ್ರಪಟ್ಟಣದ ಸೀಮೆ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು, ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳಿಗೆ ಧ್ಯಾನ ಮಂದಿರ ಕಟ್ಟಿಕೊಂಡ ಊರು. ಆ ಕಡೆಯವರ ಶ್ರುತಿಜ್ಞಾನ ಎಂಥದೆಂದು ತಿಳಿದಿದ್ದೂ, ಹೊಸದಾಗಿ ಕೊಂಡಿದ್ದ ಒಂದು ಟೇಪ್ ಪ್ಲಗಿನ್ನನ್ನು ಇಡೀ ಹಾಡಿನ ಮೇಲೆ ಹಾಕಿ, ಅದರಲ್ಲಿ 'ಹಳೆಯ ಕ್ಯಾಸೆಟ್' ಎಂಬ ಸಿದ್ಧ ಹೊಂದಿಕೆಯನ್ನು ಆರಿಸಿ ಅವರಿಗೆ ಕೇಳಿಸಿದೆ. ನನಗೆ ನನ್ನ ಯೌವನದ ದಿನಗಳು ನೆನಪಾಗಿ ಕಣ್ಣು ತೇವವಾಗಿತ್ತು. ಅವರು ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ತಂಬೂರಿ ನಿಲ್ತಾ ಇಲ್ವಲ್ಲಪ್ಪ, ಯಾಕೆ?" ಎಂದರು. ಕಂಠದ ಬಗ್ಗೆ, ಇಂಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಒಂದು ಸ್ವರಸ್ಥಾನದಿಂದ ಮುಂದಿನ ಸ್ವರಸ್ಥಾನಕ್ಕಿರುವ ಅಂತರವನ್ನು ನೂರು ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಟೇಪಿನ ವೇಗ ಶೇಕಡಾ ೧ರಷ್ಟು ಏರಿಳಿದರೆ ಶ್ರುತಿ ೧೭ ಸೆಂಟ್ ಅತ್ತಿತ್ತ ಸರಿಯುತ್ತದೆ. ನಮ್ಮ ಶಾಸ್ತ್ರದ ಪ್ರಮಾಣ ಶ್ರುತಿಯ ಅಂತರ ಸುಮಾರು ೨೨ ಸೆಂಟ್. ಅಂದರೆ ನಾನು ಸೊಗಸೆಂದು ಹಾಕಿದ ಅಲುಗಾಟ, ವಿದ್ವಾಂಸರು ಜೀವಮಾನವೆಲ್ಲ ಸಾಧನೆ ಮಾಡಿ ಬೇರ್ಪಡಿಸುವ ಎರಡು ಶ್ರುತಿಗಳ ನಡುವಿನ ಗೋಡೆಯನ್ನೇ ಹೆಚ್ಚುಕಡಿಮೆ ಕೆಡವಿತ್ತು. ಒಳ್ಳೆಯ ಸ್ಟುಡಿಯೊ ರೀಲ್ ಯಂತ್ರಗಳಲ್ಲಿ ಈ ಏರಿಳಿತ ಶೇಕಡಾ ೦.೧ಕ್ಕಿಂತಲೂ ಕಡಿಮೆಯಿರುತ್ತಿತ್ತು, ಅಂದರೆ ಎರಡು ಸೆಂಟಿಗಿಂತ ಕಡಿಮೆ. ಅದನ್ನು ಅಷ್ಟಕ್ಕೆ ಇಳಿಸಲು ಎಂಜಿನಿಯರುಗಳು ದಶಕಗಟ್ಟಲೆ ದುಡಿದಿದ್ದರು. ಪಾಶ್ಚಾತ್ಯ ಪಾಪ್ ಸಂಗೀತದ ಗಿಟಾರಿಗೋ ಕೀಬೋರ್ಡಿಗೋ ಈ ಅಲುಗಾಟ ಒಂದು ಬಗೆಯ ಬಣ್ಣವಾಗಿ ಒಪ್ಪಬಹುದು. ಅಚಲವಾದ ಆಧಾರ ಷಡ್ಜದ ಮೇಲೆ ನಿಂತ ನಮ್ಮ ಸಂಗೀತಕ್ಕೆ ಅದು ಒಪ್ಪುವುದಿಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ಅಂದಿನಿಂದ ಯಾವ ಟೇಪ್ ತಂತ್ರಾಂಶ ತೆರೆದರೂ ನಾನು ಮೊದಲು ಹುಡುಕುವುದು ವೌ ಮತ್ತು ಫ್ಲಟರನ್ನು ಪೂರ್ತಿ ನಿಲ್ಲಿಸುವ ಗುಂಡಿ ಎಲ್ಲಿದೆ ಎಂಬುದನ್ನು. ಅದಿಲ್ಲದ ತಂತ್ರಾಂಶವನ್ನು ತಂಬೂರಿ ಇರುವ ಹಾಡಿಗೆ ಮುಟ್ಟುವುದಿಲ್ಲ.

ಹಿಸ್ ಸದ್ದಿನ ವಿಷಯವೂ ಇಂಥದೇ. ಎಂಟು ಟ್ರ್ಯಾಕುಗಳಿಗೆ ಎಂಟು ಸಲ ಪ್ಲಗಿನ್ ಹಾಕಿ ಎಲ್ಲದರಲ್ಲೂ ಹಿಸ್ ಬಿಟ್ಟರೆ ಒಟ್ಟು ಹಿಸ್ ೯ ಡೆಸಿಬೆಲ್ ಏರುತ್ತದೆ. ಬೇಕೇಬೇಕೆಂದರೆ ಎರಡು ಟ್ರ್ಯಾಕಿನ ಕೊನೆಯ ಮಿಶ್ರಣದಲ್ಲಿ ಒಮ್ಮೆ ಬಿಟ್ಟರೆ ಸಾಕು.

ಈಗ ತಂತ್ರಾಂಶಗಳ ಮಾತು. ಇವುಗಳಲ್ಲಿ ಹೆಚ್ಚಿನವು ಒಂದೊಂದು ನಿಜವಾದ ಯಂತ್ರವನ್ನು ಮುಂದಿಟ್ಟುಕೊಂಡು ಮಾಡಿದವು. ಯೂನಿವರ್ಸಲ್ ಆಡಿಯೊದವರು ಸ್ಟೂಡರ್ ಎ೮೦೦ ಮತ್ತು ಆಂಪೆಕ್ಸ್ ಎಟಿಆರ್-೧೦೨ ಯಂತ್ರಗಳನ್ನು ಅನುಕರಿಸಿದ್ದಾರೆ. ಮೊದಲನೆಯದು ೨೪ ಟ್ರ್ಯಾಕಿನ ಯಂತ್ರವಾದ್ದರಿಂದ ಒಂದೊಂದು ವಾದ್ಯಕ್ಕೂ ಪ್ರತ್ಯೇಕವಾಗಿ ಹಾಕಲು ಯೋಗ್ಯ; ಎರಡನೆಯದು ಸಿದ್ಧವಾದ ಮಿಶ್ರಣವನ್ನು ಕೊನೆಗೆ ಇಳಿಸುತ್ತಿದ್ದ ಎರಡು ಟ್ರ್ಯಾಕಿನ ಯಂತ್ರ. ಹಿಂದೆ ಇವನ್ನು ಬಳಸಲು ಆ ಕಂಪನಿಯದೇ ಉಪಕರಣ ಬೇಕಿತ್ತು, ಈಗ ಅದಿಲ್ಲದೆಯೂ ಕಂಪ್ಯೂಟರಿನಲ್ಲಿ ಓಡುತ್ತವೆ. ವೇವ್ಸ್ ಕಂಪನಿಯ ಜೆ೩೭ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿದ್ದ ವಾಲ್ವಿನ ನಾಲ್ಕು ಟ್ರ್ಯಾಕ್ ಯಂತ್ರದ ಅನುಕರಣೆ. ಸಾಫ್ಟ್‌ಟ್ಯೂಬಿನ ಟೇಪ್‌ನಲ್ಲಿ ಮೂರು ಬಗೆಯ ಯಂತ್ರಗಳಿವೆ, ಗುಂಡಿಗಳು ಕಡಿಮೆ, ಹೊಸಬರಿಗೆ ಸುಲಭ. ಬರ್ಲಿನ್ನಿನ ಯು-ಹಿ ಕಂಪನಿಯ ಸ್ಯಾಟಿನ್ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಅದು ಯಾವುದೇ ಒಂದು ಯಂತ್ರದ ನಕಲಲ್ಲ. ವೇಗ, ಬಯಾಸ್, ಹೆಡ್ಡಿನ ಸೀಳಿನ ಅಗಲ, ಹಿಸ್, ಅಲುಗಾಟ, ಪಕ್ಕದ ಟ್ರ್ಯಾಕಿನ ಸೋರಿಕೆ ಎಲ್ಲವನ್ನೂ ಬೇರೆ ಬೇರೆಯಾಗಿ ಹೊಂದಿಸಲು ಬಿಡುತ್ತದೆ. ಮೇಲೆ ಹೇಳಿದ ಗಂಟನ್ನು ಬಿಚ್ಚಿ ಒಂದೊಂದಾಗಿ ಕಲಿಯಬೇಕೆನ್ನುವವರಿಗೆ ಇದರಷ್ಟು ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ಇಷ್ಟಾದರೂ ನನ್ನ ಬಳಿ ಬಂದ ಹುಡುಗರಿಗೆ ನಾನು ಮೊದಲು ಹೇಳಿದ್ದು ಚೌ ಟೇಪ್ ಮಾಡೆಲ್ ಎಂಬ ಉಚಿತ ಪ್ಲಗಿನ್ನಿನ ಹೆಸರನ್ನು. ಜತಿನ್ ಚೌಧರಿ ಎಂಬವರು ಸೋನಿ ಟಿಸಿ-೨೬೦ ಎಂಬ, ಮನೆಬಳಕೆಯ ರೀಲ್ ಯಂತ್ರವನ್ನು ಅಧ್ಯಯನ ಮಾಡಿ ಇದನ್ನು ಕಟ್ಟಿದರು. ಕಾಂತವಸ್ತುವೊಂದು ಹಿಂದಿನ ಕ್ಷಣದ ನೆನಪನ್ನು ಇಟ್ಟುಕೊಂಡು ಮುಂದಿನ ಕ್ಷಣಕ್ಕೆ ಪ್ರತಿಕ್ರಿಯಿಸುವ ಗುಣವನ್ನು ಭೌತವಿಜ್ಞಾನದ ಜೈಲ್ಸ್-ಆಥರ್ಟನ್ ಸಮೀಕರಣಗಳ ಮೂಲಕ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದು ಅದರ ಕ್ರಮ. ತಮ್ಮ ವಿಧಾನವನ್ನು ಅವರು ೨೦೧೯ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ್ದಲ್ಲದೆ, ಪ್ಲಗಿನ್ನಿನ ಒಳಗಿನ ಪ್ರೋಗ್ರಾಮ್ ಕೋಡನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಏರ್‌ವಿಂಡೋಸಿನ ಟು-ಟೇಪ್ ಕೂಡ ಉಚಿತ. ಅದರಲ್ಲಿ ಕಣ್ಣಿಗೆ ಹಬ್ಬವಾಗುವ ರೀಲಿನ ಚಿತ್ರವಿಲ್ಲ, ಕೆಲವು ಜಾರುಪಟ್ಟಿಗಳಷ್ಟೇ. ತಿರುಗುವ ರೀಲಿನ ಚಿತ್ರ ಇಂಪನ್ನು ಹೆಚ್ಚಿಸುತ್ತದೆಂದು ಕಣ್ಣು ಕಿವಿಗೆ ಸುಳ್ಳು ಹೇಳುವುದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಆದ್ದರಿಂದ ಪ್ಲಗಿನ್ನನ್ನು ತೆರೆದು ಹೊಂದಿಸಿದ ಮೇಲೆ ಅದರ ಕಿಟಕಿಯನ್ನು ಮುಚ್ಚಿ ಕೇಳುವುದು ಒಳ್ಳೆಯದು.

ಯಾವುದನ್ನೇ ಆರಿಸಿದರೂ ಒಳಗೆ ಕಳುಹಿಸುವ ಧ್ವನಿಯ ಮಟ್ಟ ಸರಿಯಿಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಮ್ಮ ಕಡೆಯ ಮನೆ ಸ್ಟುಡಿಯೊಗಳಲ್ಲಿ ನಾನು ಅತಿ ಹೆಚ್ಚಾಗಿ ಕಾಣುವ ತಪ್ಪು ಇದೇ. ಡಿಜಿಟಲ್ ಮೀಟರಿನ ಸೊನ್ನೆಗೆ, ಅಂದರೆ ಅದಕ್ಕಿಂತ ಮೇಲೆ ಹೋಗಲಾಗದ ಮಟ್ಟಕ್ಕೆ, ಆದಷ್ಟು ಹತ್ತಿರ ಮುದ್ರಿಸಬೇಕೆಂದು ಎಲ್ಲಿಯೋ ಕೇಳಿ, ಕಂಠವನ್ನು ಅಲ್ಲಿಯವರೆಗೆ ಏರಿಸಿಟ್ಟಿರುತ್ತಾರೆ. ಆದರೆ ಈ ಪ್ಲಗಿನ್ನುಗಳಲ್ಲಿ ಹೆಚ್ಚಿನವು, ಹಳೆಯ ಮುಳ್ಳಿನ ವಿಯು ಮೀಟರಿನ ಸೊನ್ನೆಯನ್ನು ಡಿಜಿಟಲ್ ಸೊನ್ನೆಗಿಂತ ಸುಮಾರು ೧೮ ಡೆಸಿಬೆಲ್ ಕೆಳಗಿಟ್ಟು ಸಿದ್ಧಪಡಿಸಿದವು. ಅಂಥದಕ್ಕೆ ಸರಾಸರಿ ಮಟ್ಟವೇ ಹತ್ತು ಡೆಸಿಬೆಲ್ ಹೆಚ್ಚಾಗಿರುವ ಧ್ವನಿಯನ್ನು ತುರುಕಿದರೆ ಎಂಥ ಒಳ್ಳೆಯ ಟೇಪ್ ಆದರೂ ಒರಲುತ್ತದೆ. ಆಮೇಲೆ ಪ್ಲಗಿನ್ ಸರಿಯಿಲ್ಲವೆಂದು ಇನ್ನೊಂದನ್ನು ಕೊಳ್ಳುತ್ತಾರೆ, ಅದಕ್ಕೂ ಅದೇ ಗತಿ. ಮೊದಲು ಮಟ್ಟವನ್ನು ಇಳಿಸಿ, ಅಲ್ಲಿಂದ ಎರಡೆರಡು ಡೆಸಿಬೆಲ್ ಏರಿಸುತ್ತ ಹೋಗಿ, ಕಂಠ ತುಂಬಿಬಂದ ಜಾಗವನ್ನೂ ಅದು ಮಂಕಾಗಲು ತೊಡಗಿದ ಜಾಗವನ್ನೂ ಗುರುತಿಸಿಕೊಳ್ಳಬೇಕು. ನನ್ನ ಅನುಭವದಲ್ಲಿ ಇವೆರಡರ ನಡುವಿನ ದೂರ ಬಹಳ ಕಡಿಮೆ.

ಹೊರಗೆ ಬರುವ ಮಟ್ಟದ ಎಚ್ಚರವೂ ಅಷ್ಟೇ ಮುಖ್ಯ. ಒಂದು ಡೆಸಿಬೆಲ್ ಜೋರಾದದ್ದು ನಮ್ಮ ಕಿವಿಗೆ ಜೋರೆನಿಸುವುದಿಲ್ಲ, ಚೆನ್ನಾಗಿದೆ ಎನಿಸುತ್ತದೆ. ಪ್ಲಗಿನ್ ಹಾಕಿದ್ದನ್ನೂ ಹಾಕದ್ದನ್ನೂ ಒಂದೇ ಗಟ್ಟಿತನಕ್ಕೆ ತಂದು, ಮನೆಯವರಲ್ಲಿ ಯಾರಾದರೊಬ್ಬರಿಗೆ ಬದಲಾಯಿಸುತ್ತಿರಲು ಹೇಳಿ, ತಾವು ಗೋಡೆಯ ಕಡೆ ತಿರುಗಿ ಕುಳಿತು ಕೇಳಿದರೆ ಎಷ್ಟೋ ಸಲ ಯಾವುದು ಯಾವುದೆಂದೇ ತಿಳಿಯುವುದಿಲ್ಲ. ತಿಳಿಯದಿದ್ದರೆ ಆ ಹಾಡಿಗೆ ಆ ಪ್ಲಗಿನ್ ಬೇಡ ಎಂದರ್ಥ. ಹೆಚ್ಚಿನ ಕಂಪನಿಗಳು ಕೆಲವು ದಿನ ಉಚಿತವಾಗಿ ಪರೀಕ್ಷಿಸಲು ಕೊಡುತ್ತವೆ. ಆ ದಿನಗಳಲ್ಲಿ ಅವರ ಮಾದರಿ ಹಾಡುಗಳನ್ನು ಕೇಳದೆ ನಮ್ಮದೇ ಹಾರ್ಮೋನಿಯಂ, ನಮ್ಮದೇ ತಬಲ, ಕನ್ನಡದ ಶಕಾರ ಷಕಾರ ಸಕಾರಗಳಿರುವ ನಮ್ಮದೇ ಸಾಹಿತ್ಯವನ್ನು ಹಾಕಿ ಕೇಳಬೇಕು. ಮೈಕಿಗೆ ಚುಚ್ಚುವ ಸಕಾರವನ್ನು ೧೫ ಇಂಚಿನ ವೇಗದ ಟೇಪು ಎಷ್ಟು ಹಿತವಾಗಿ ಮೃದುಗೊಳಿಸುತ್ತದೆ ಎಂಬುದು ನನಗೆ ಅದರ ಮೇಲಿರುವ ಪ್ರೀತಿಗೆ ದೊಡ್ಡ ಕಾರಣ. ತಬಲದ ಡಗ್ಗದ, ಮೃದಂಗದ ಎಡದ ಘುಂಕಾರಕ್ಕೆ ಹೆಡ್ಡಿನ ಉಬ್ಬು ಕೊಡುವ ತೂಕ ಎರಡನೆಯ ಕಾರಣ.

ಆದರೆ ಗೆಜ್ಜೆ, ತಾಳ, ಜಾಗಟೆಗಳಿಗೆ ಬಂದಾಗ ಇನ್ನೊಂದು ತೊಡಕಿದೆ, ಇದು ಟೇಪಿನದಲ್ಲ, ಅನುಕರಣೆಯದು. ಸೆಕೆಂಡಿಗೆ ೪೪,೧೦೦ ಸಲ ಅಳೆಯುವ ಡಿಜಿಟಲ್ ಮುದ್ರಣದಲ್ಲಿ ೨೨,೦೫೦ ಹರ್ಟ್ಸಿಗಿಂತ ಮೇಲಿನ ಯಾವುದಕ್ಕೂ ಜಾಗವಿಲ್ಲ. ಗೆಜ್ಜೆಯ ಸದ್ದಿನಲ್ಲಿರುವ ೧೩,೦೦೦ ಹರ್ಟ್ಸಿಗೆ ಪ್ಲಗಿನ್ ಹುಟ್ಟಿಸುವ ಮೂರನೆಯ ಹಾರ್ಮೋನಿಕ್ ೩೯,೦೦೦ ಹರ್ಟ್ಸ್. ನಿಜವಾದ ಟೇಪಿನಲ್ಲಾದರೆ ಅದು ಕಿವಿಗೆ ಎಟುಕದೆ ಮೇಲೆಯೇ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಅದು ಮಡಿಚಿಕೊಂಡು ಕೆಳಗೆ ೫,೧೦೦ ಹರ್ಟ್ಸಿಗೆ ಬಂದು ಬೀಳುತ್ತದೆ. ಅಲ್ಲಿ ಕಿವಿ ಬಹಳ ಚುರುಕು, ಮತ್ತು ಆ ಸದ್ದಿಗೂ ಹಾಡಿನ ಶ್ರುತಿಗೂ ಯಾವ ಸಂಬಂಧವೂ ಇಲ್ಲ. ಸೆಕೆಂಡಿಗೆ ಅಳೆಯುವ ಸಲಗಳ ಸಂಖ್ಯೆಯನ್ನು ಒಳಗೊಳಗೇ ನಾಲ್ಕು ಪಟ್ಟೋ ಎಂಟು ಪಟ್ಟೋ ಹೆಚ್ಚಿಸಿ ಕೆಲಸ ಮುಗಿದ ಮೇಲೆ ಇಳಿಸುವ ಓವರ್‌ಸ್ಯಾಂಪ್ಲಿಂಗ್ ವ್ಯವಸ್ಥೆ ಇದ್ದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಅದು ಇದೆಯೇ ಎಂದು ಪರೀಕ್ಷಿಸುವುದು ಸುಲಭ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಒಂದು ಶುದ್ಧ ಸ್ವರವನ್ನು ಪ್ಲಗಿನ್ನಿಗೆ ಸ್ವಲ್ಪ ಜೋರಾಗಿಯೇ ಕೊಟ್ಟು ಕೇಳಿರಿ; ಏರುವ ಸ್ವರದ ಹಿಂದೆ ಇಳಿಯುತ್ತ ಬರುವ ಇನ್ನೊಂದು ಸ್ವರ ಕೇಳಿಸಿದರೆ ಅಂಥದನ್ನು ಗೆಜ್ಜೆಯ ಮೇಲೆ ಹಾಕಬೇಡಿರಿ. ಓವರ್‌ಸ್ಯಾಂಪ್ಲಿಂಗ್ ಹೆಚ್ಚಿಸಿದಷ್ಟೂ ಕಂಪ್ಯೂಟರಿಗೆ ಭಾರ ಹೆಚ್ಚು, ಧ್ವನಿ ಹೊರಬರುವುದೂ ತಡ. ಹಳೆಯ ಲ್ಯಾಪ್‌ಟಾಪ್ ಇರುವವರು ಹಾಡಿಸುವಾಗ ಅದನ್ನು ಇಳಿಸಿಟ್ಟು, ಕೊನೆಯ ಪ್ರತಿ ತೆಗೆಯುವಾಗ ಏರಿಸಿಕೊಂಡರಾಯಿತು.

ವೀರಗಾಸೆಯ ತಂಡವೊಂದನ್ನು ಕಳೆದ ಬೇಸಿಗೆಯಲ್ಲಿ ಬೇಲೂರು ರಸ್ತೆಯ ಬದಿಯ ಊರೊಂದರ ದೇವಸ್ಥಾನದ ಅಂಗಳದಲ್ಲಿ ಮುದ್ರಿಸಿದಾಗ ಇವೆಲ್ಲವೂ ಒಟ್ಟಿಗೆ ಕೆಲಸಕ್ಕೆ ಬಂದವು. ಸಮಾಳಕ್ಕೂ ಕರಡೆಗೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಟೇಪ್ ಹಾಕಿ, ಹೊಡೆತದ ತುದಿಗಳನ್ನು ಅದು ದುಂಡಗೆ ಮಾಡುವಷ್ಟು ಮಟ್ಟ ಏರಿಸಿದೆ. ಬೇರೆ ಬಗೆಯಲ್ಲಿ ಒತ್ತಿದ್ದರೆ ಸಾಯುತ್ತಿದ್ದ ಆ ಹೊಡೆತ ಜೀವಂತವಾಗಿಯೇ ಉಳಿದು, ಒಡಪು ಹೇಳುವವರ ಕಂಠಕ್ಕೆ ಜಾಗ ಬಿಟ್ಟುಕೊಟ್ಟಿತು. ತಾಳದ ಮೈಕಿಗೆ ಏನನ್ನೂ ಹಾಕಲಿಲ್ಲ. ಇಡೀ ಮಿಶ್ರಣದ ಮೇಲೆ ಒಂದೇ ಪ್ಲಗಿನ್ ಹಾಕಿದ್ದರೆ ಈ ಬಗೆಯ ಬೇರ್ಪಡೆ ಸಾಧ್ಯವಾಗುತ್ತಿರಲಿಲ್ಲ. ಮೇಲಾಗಿ ಹಲವು ಸ್ವರಗಳು ಕೂಡಿದ ಧ್ವನಿ ಸ್ಯಾಚುರೇಶನ್ನಿಗೆ, ಅಂದರೆ ಮೊದಲು ಹೇಳಿದ ಶಿಖರಗಳ ದುಂಡಾಗುವಿಕೆಗೆ, ಸಿಕ್ಕಾಗ ಅವುಗಳ ಮೊತ್ತದ ಹಾಗೂ ವ್ಯತ್ಯಾಸದ ಸ್ವರಗಳೂ ಹುಟ್ಟಿ ರಾಡಿಯಾಗುತ್ತದೆ. ಕೀಬೋರ್ಡಿನ ದಟ್ಟ ಸ್ವರಗುಚ್ಛಗಳಿರುವ ಭಾವಗೀತೆಗಳಲ್ಲಿ ಇದು ಎದ್ದು ಕೇಳುತ್ತದೆ.

ತಮ್ಮ ಬರಹದಲ್ಲಿದ್ದ 'ಕ್ಯಾಸೆಟ್ ಕಾಲದ ಇಂಪು' ಎಂಬ ಮಾತಿಗೂ ಇಲ್ಲಿ ಸ್ವಲ್ಪ ಉತ್ತರಿಸಬೇಕು. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರ ಕಂಠವನ್ನು ನನ್ನ ತಲೆಮಾರಿನವರು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದೆವು ಎಂಬುದು ನಿಜ. ಆದರೆ ಆ ಕಾಲದ ಹಾಡುಗಳು ಸ್ಟುಡಿಯೊಗಳಲ್ಲಿ ಅಗಲವಾದ, ವೇಗದ ರೀಲುಗಳ ಮೇಲೆ ಮುದ್ರಣವಾಗುತ್ತಿದ್ದವು. ೪ ಮಿಲಿಮೀಟರಿಗೂ ಕಿರಿದಾದ ಕ್ಯಾಸೆಟ್ ಪಟ್ಟಿ ಅವನ್ನು ಮನೆಗೆ ಹೊತ್ತು ತಂದ ಸಾಧನ ಮಾತ್ರ, ಹೊತ್ತು ತರುವಾಗ ಎಷ್ಟನ್ನೋ ದಾರಿಯಲ್ಲಿ ಉದುರಿಸಿಯೂ ಇತ್ತು. ನಾವು ಇಂಪೆಂದು ನೆನಪಿಟ್ಟುಕೊಂಡದ್ದರಲ್ಲಿ ದೊಡ್ಡ ಪಾಲು, ವಾದ್ಯದವರೆಲ್ಲ ಒಟ್ಟಿಗೆ ಕುಳಿತು, ಮೊದಲೇ ಅಭ್ಯಾಸ ಮಾಡಿ, ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ನುಡಿಸಿದ್ದರಿಂದ ಬಂದದ್ದು. ಟ್ರ್ಯಾಕುಗಳು ಕಡಿಮೆ, ಟೇಪು ದುಬಾರಿ, ತಪ್ಪಿದರೆ ಮತ್ತೆ ಮೊದಲಿಂದ. ಆದ್ದರಿಂದ ಹಾಡುವವರು ಸಿದ್ಧರಾಗಿಯೇ ಬರುತ್ತಿದ್ದರು. ಒಂದೊಂದು ಸಾಲನ್ನೂ ಹತ್ತು ಸಲ ಬೇರೆ ಬೇರೆಯಾಗಿ ಹಾಡಿಸಿ ಅಂಟಿಸಿದ ಮುದ್ರಣದ ಮೇಲೆ ಯಾವ ಟೇಪ್ ಹಾಕಿದರೂ ಅದು ಬರುವುದಿಲ್ಲ. ಹೊಸ ಪ್ಲಗಿನ್ನಿಗೆ ಇಟ್ಟಿದ್ದ ಹಣವನ್ನು ಒಬ್ಬ ಕೊಳಲಿನವರಿಗೂ ಒಬ್ಬ ತಬಲದವರಿಗೂ ಕೊಟ್ಟು ಅರ್ಧ ದಿನ ಒಟ್ಟಿಗೆ ಕೂರಿಸಿ ಎಂದು ಆ ಹುಡುಗರಿಗೆ ಹೇಳಿದಾಗ ಅವರಿಗೆ ನಿರಾಸೆಯಾಯಿತೆಂದು ಕಾಣುತ್ತದೆ. ಆದರೂ ನಾನು ಹಾಗೆಯೇ ಹೇಳುತ್ತೇನೆ.

ಇನ್ನೊಂದು ಮಾತು ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಿಗೆ ಸಂಬಂಧಿಸಿದ್ದು. ಅಲ್ಲಿನ ಅಟ್ಟಗಳಲ್ಲಿ ಅಜ್ಜಿಯರ ಸೋಬಾನೆ ಪದ, ಸುಗ್ಗಿಯ ಪದಗಳಿರುವ ಹಳೆಯ ಕ್ಯಾಸೆಟ್ಟುಗಳು ಮಳೆಗಾಲದ ಶೀತಕ್ಕೆ ಬೂಷ್ಟು ಹಿಡಿಯುತ್ತಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡಿರೆಂದು ಕೇಳಿಕೊಂಡು ಬರುವವರಿಗೆ ಕೆಲವರು 'ಸುಧಾರಿಸಿ' ಕೊಡುವ ಹೆಸರಿನಲ್ಲಿ ಇದೇ ಟೇಪ್ ಪ್ಲಗಿನ್ನುಗಳನ್ನು ಮೇಲೆ ಹಾಕಿ ಕೊಡುತ್ತಿದ್ದಾರೆ. ನಿಜವಾದ ಟೇಪಿನ ಗುಣದೋಷಗಳೆಲ್ಲ ಅದರಲ್ಲಿ ಆಗಲೇ ಇವೆ. ಅದರ ಮೇಲೆ ಮತ್ತೊಂದು ಯಂತ್ರದ ಗುಣದೋಷಗಳನ್ನು ಹೇರಿದರೆ ಮುಂದೆ ಯಾರಿಗೂ ಅವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಹೆಡ್ಡನ್ನು ಶುಚಿಗೊಳಿಸಿ, ಅದರ ಓರೆಯನ್ನು ಆ ಕ್ಯಾಸೆಟ್ಟಿಗೆ ಸರಿಯಾಗಿ ತಿದ್ದಿ, ಬಂದದ್ದನ್ನು ಬಂದಂತೆ ಇಳಿಸಿಡುವುದಷ್ಟೇ ಅಲ್ಲಿ ಮಾಡಬೇಕಾದ ಕೆಲಸ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಎರಡೂ ಜಿಲ್ಲೆಗಳ ಸ್ಟುಡಿಯೊದವರಲ್ಲಿ ನನ್ನದೊಂದು ಬೇಡಿಕೆ ಇದೆ. ಹಾಡಿದವರಿಗೆ ಸಿದ್ಧವಾದ ಹಾಡನ್ನು ಕೊಡುವಾಗ, ಟೇಪ್ ಪ್ಲಗಿನ್ ಹಾಕದ ಮೂಲ ಟ್ರ್ಯಾಕುಗಳನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬೇಕು, ಯಾವ ಪ್ಲಗಿನ್ನನ್ನು ಎಷ್ಟು ಮಟ್ಟದಲ್ಲಿ ಹಾಕಿದ್ದೇವೆಂದು ಒಂದು ಚೀಟಿಯಲ್ಲಿ ಬರೆದಿಡಬೇಕು. ಹತ್ತು ವರ್ಷದ ನಂತರ ಇದಕ್ಕಿಂತ ಒಳ್ಳೆಯ ಅನುಕರಣೆ ಬರಬಹುದು, ಅಥವಾ ಈ ಬಣ್ಣವೇ ಬೇಡವೆನಿಸಬಹುದು. ಆಗ ತಿದ್ದಿಕೊಳ್ಳಲು ಮೂಲ ಕೈಯಲ್ಲಿರಬೇಕು. ಅರಕಲಗೂಡಿನ ಆ ಅಮ್ಮನವರ ದೇವರನಾಮಗಳನ್ನು ನಾನು ಮರುವಾರವೇ ಸರಿಪಡಿಸಿ ಕೊಡಲು ಸಾಧ್ಯವಾದದ್ದು ಮೂಲ ಟ್ರ್ಯಾಕುಗಳನ್ನು ಹಾಗೇ ಇಟ್ಟುಕೊಂಡಿದ್ದರಿಂದ.

ನನ್ನ ಕಾಲು ಇಂಚಿನ ರೀಲ್ ಯಂತ್ರ ಈಗಲೂ ಓಡುತ್ತದೆ, ಒಂದೆರಡು ಸುರುಳಿ ಒಳ್ಳೆಯ ಟೇಪೂ ಉಳಿದಿದೆ. ತಂತ್ರಾಂಶ ಕೊಳ್ಳುವ ಮೊದಲು ನಿಜವಾದ ಟೇಪು ತಮ್ಮ ಹಾಡಿಗೆ ಏನು ಮಾಡುತ್ತದೆಂದು ಕೇಳಬೇಕೆನ್ನುವ ಯಾರೇ ಆದರೂ ತಮ್ಮದೊಂದು ಹಾಡನ್ನು ತಂದರೆ, ಹಣ ಪಡೆಯದೆ, ಅದರ ಮೇಲೆ ಮುದ್ರಿಸಿ ಕೇಳಿಸುತ್ತೇನೆ. ನನ್ನ ವಿಳಾಸ ತಮ್ಮ ಹಾಸನದ ಕಚೇರಿಯಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಧ್ವನಿಮುದ್ರಕ, ಹಾಸನ